ಸ್ಪಷ್ಟನೆ: ಸುಣ್ಣಕಲ್ಲಿನ ಫ್ಲೋರೈಟ್, ಬರೈಟ್ ಲಾವಾದಿಂದ ಆದದ್ದಲ್ಲ

ಫ್ಲೋರೈಟ್ ಹರಳಿನ ಫೋಟೋ ಜೊತೆ ಒಂದು ಸಂದೇಶ ಓಡಾಡುತ್ತಿದೆ. ಸುಣ್ಣಕಲ್ಲಿನ ಬಿರುಕುಗಳಿಗೆ ಲಾವಾ ನುಗ್ಗಿ, ತಣ್ಣಗಾಗಿ ಫ್ಲೋರೈಟ್ ಮತ್ತು ಬರೈಟ್ ಆಯಿತು ಎಂದು ಅದರಲ್ಲಿದೆ. ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು.

ಇವು ಬಿಸಿ ಉಪ್ಪುನೀರಿನಿಂದ ಬೆಳೆದ ಖನಿಜಗಳು. ಆಳದ ನೀರು ಬಿರುಕುಗಳಲ್ಲಿ ಮೇಲೆ ಬರುತ್ತದೆ. ಅದರಲ್ಲಿರುವ ಫ್ಲೋರಿನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಫ್ಲೋರೈಟ್. ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂಗೆ ಕೊರತೆಯಿಲ್ಲ, ಅಲ್ವಾ? ಬೇರಿಯಂ ಇರುವ ನೀರು ಸಲ್ಫೇಟ್ ಇರುವ ನೀರಿಗೆ ಬೆರೆತರೆ ಬರೈಟ್. ಅದು ನೀರಿನಲ್ಲಿ ಕರಗುವುದೇ ತೀರಾ ಕಡಿಮೆ, ಹಾಗಾಗಿ ಬೇಗ ಹರಳುಗಟ್ಟುತ್ತದೆ.

ಆಧಾರ ಹರಳಿನೊಳಗೇ ಇದೆ. ಫ್ಲೋರೈಟ್ ಬೆಳೆಯುವಾಗ ಆ ನೀರಿನ ಸಣ್ಣ ಹನಿಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಹರಳು ತಣ್ಣಗಾದಾಗ ನೀರು ಕುಗ್ಗಿ, ಸಾಮಾನ್ಯವಾಗಿ ಹನಿಯೊಳಗೆ ಒಂದು ಗುಳ್ಳೆ ಮೂಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನಿಧಾನವಾಗಿ ಬಿಸಿ ಮಾಡಿದರೆ ಗುಳ್ಳೆ ಮಾಯವಾಗುತ್ತದೆ. ಹರಳು ಕನಿಷ್ಠ ಎಷ್ಟು ಬಿಸಿಯಲ್ಲಿ ಬೆಳೆಯಿತು ಎಂಬುದು ಹಾಗೆ ಗೊತ್ತಾಗುತ್ತದೆ. ಸುಣ್ಣಕಲ್ಲಿನ ಬಿರುಕು ತುಂಬಿದ ಇಂಥ ಖನಿಜ ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಲಾವಾದ ಬಿಸಿ ಸಾಮಾನ್ಯವಾಗಿ 700 ಡಿಗ್ರಿಗಿಂತ ಜಾಸ್ತಿ.

ಇಂಗ್ಲೆಂಡಿನ ಉತ್ತರ ಪೆನೈನ್ಸ್ ಬೆಟ್ಟಗಳ ಉದಾಹರಣೆ ನನಗೆ ತುಂಬಾ ಇಷ್ಟ. ಅಲ್ಲಿ ನಡುವೆ ಫ್ಲೋರೈಟ್, ಸುತ್ತ ಬರೈಟ್. ಕೆಳಗಿರುವ ಬಿಸಿ ಗ್ರಾನೈಟ್ ಇದನ್ನೆಲ್ಲ ಮೇಲೆ ಕಳಿಸಿತು ಎಂಬ ಊಹೆ ಇತ್ತು. 1960ರಲ್ಲಿ ಅಲ್ಲಿನ ರೂಕೋಪ್ ಎಂಬ ಹಳ್ಳಿಯಲ್ಲಿ ಕೊರೆದಾಗ ಸುಮಾರು 390 ಮೀಟರ್ ಆಳದಲ್ಲಿ ಗ್ರಾನೈಟ್ ಸಿಕ್ಕಿತು. ಆದರೆ ಅದರ ಮೇಲ್ಮೈ ಗಾಳಿ ಮಳೆಗೆ ಸವೆದಿತ್ತು. ಅಂದರೆ ಸುಣ್ಣಕಲ್ಲು ಬರುವ ಮೊದಲೇ ಆ ಗ್ರಾನೈಟ್ ತಣ್ಣಗಾಗಿ ಮೇಲ್ಮೈಗೆ ಬಂದಿತ್ತು; ಈ ಖನಿಜಗಳನ್ನು ಕಳಿಸಿದ್ದು ಅದರ ಮೂಲ ಬಿಸಿಯಲ್ಲ!

ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಈ ಸ್ಪಷ್ಟನೆಯನ್ನೂ ಹಾಕಿ.