ಗೇಟ್ ಪಾಸ್ ಇಲ್ಲದೆ ಅಮ್ಮನನ್ನು ಟಾಯ್ಲೆಟಿಗೂ ಬಿಡಲಿಲ್ಲ

ಆಸ್ಪತ್ರೆ ಗೇಟಿನ ಆ ಸೆಕ್ಯುರಿಟಿಯವನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪ, ಅವನೂ ಕಾಂಟ್ರಾಕ್ಟಿನವನು, ಪಾಸ್ ನೋಡದೆ ಯಾರನ್ನಾದರೂ ಬಿಟ್ಟರೆ ಅವನ ಸಂಬಳಕ್ಕೇ ಕತ್ತರಿ. ಆದರೆ ಅವನು ಅಡ್ಡ ಹಿಡಿದ ಆ ಕೈ ನನ್ನ ಕಣ್ಣಿನಿಂದ ಹೋಗುತ್ತಾ ಇಲ್ಲ ಮಾರಾಯ್ರೆ. ಊಟಕ್ಕೆ ಕೂತರೆ ಅನ್ನ ಇಳಿಯುತ್ತಿಲ್ಲ.

ಅಮ್ಮನಿಗೆ ಪಿತ್ತಕೋಶದ ಆಪರೇಶನ್ ಆಗಿತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು "ಅಮ್ಮಾ, ಇವತ್ತು ಮನೆಗೆ ಹೋಗಬಹುದು" ಅಂದಿದ್ದರು. ಅಮ್ಮ ಆಗಲೇ ಸೀರೆ ಉಟ್ಟು, ಫ್ಲಾಸ್ಕು ಲೋಟ ಎಲ್ಲ ಚೀಲಕ್ಕೆ ತುಂಬಿ ರೆಡಿ. ಮಧ್ಯಾಹ್ನ ಹೌಸ್‌ಕೀಪಿಂಗಿನವರು ಬಂದು ಬೆಡ್‌ಶೀಟ್ ತೆಗೆದರು, ಮುಂದಿನ ಪೇಶೆಂಟ್ ಬರುತ್ತಾರಂತೆ. ಸರಿ ಅಂತ ಕೆಳಗೆ ಲಾಬಿಗೆ ಬಂದೆವು. ಬಿಲ್ ಆಗಿಲ್ಲ. ಇನ್ಶೂರೆನ್ಸಿನ ಅಪ್ರೂವಲ್ ಬಂದಿಲ್ಲ. ಬಿಲ್ ಕ್ಲಿಯರ್ ಆಗದೆ ಡ್ರಿಪ್ಸಿಗೆ ಕೈಗೆ ಚುಚ್ಚಿದ ಕ್ಯಾನುಲಾ ತೆಗೆಯುವುದಿಲ್ಲವಂತೆ. ಡ್ರಿಪ್ಸ್ ಯಾವಾಗಲೋ ನಿಂತಿದೆ, ಅದಕ್ಕೆ ಕೈಯಲ್ಲಿ ಇನ್ನು ಎಂತ ಕೆಲಸ? ಪ್ಲಾಸ್ಟರಿನ ಅಂಚು ಎದ್ದು ಕಪ್ಪಾಗಿತ್ತು, ಸುತ್ತ ಚರ್ಮ ಊದಿ ಮಿರಮಿರ ಅನ್ನುತ್ತಿತ್ತು. ಅಮ್ಮ ಅದರ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದರು.

ಸಂಜೆ ನಾನು ಬಿಲ್ಲಿಂಗ್ ಕ್ಯೂನಲ್ಲಿದ್ದೆ. ಲಾಬಿಯ ಟಾಯ್ಲೆಟಿಗೆ ರಿಪೇರಿ ಅಂತ ಬೀಗ ಹಾಕಿದ್ದರು, ಇನ್ನೊಂದು ಇರುವುದು ಗೇಟಿನ ಆಚೆ ಓಪಿಡಿ ಬ್ಲಾಕಿನಲ್ಲಿ. ಅಮ್ಮ ಹೊಟ್ಟೆ ಹಿಡಿದುಕೊಂಡು ನಿಧಾನ ಎದ್ದು ಆ ಕಡೆ ನಡೆದರು. ಸೆಕ್ಯುರಿಟಿಯವನು ಅಮ್ಮನ ಮಣಿಕಟ್ಟಿನ ಪಟ್ಟಿ ನೋಡಿದ. ಕೈ ಅಡ್ಡ ಹಿಡಿದ. "ಗೇಟ್ ಪಾಸ್ ಉಂಟಾ ಅಮ್ಮ?" ಟಾಯ್ಲೆಟಿಗೆ ಅಂತ ಅಮ್ಮ ಮೆಲ್ಲ ಹೇಳಿದರು, ಅವನಿಗೆ ಕೇಳಿಸಲಿಲ್ಲ, ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅಷ್ಟು ಜನರ ಎದುರು. ಅವನು ಕೌಂಟರಿನ ಕಡೆ ತಿರುಗಿ ಕಣ್ಣಲ್ಲೇ ಕೇಳಿದ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ ಕೂಗಿದಳು: "ಅವರದ್ದು ಪೇಮೆಂಟ್ ಪೆಂಡಿಂಗ್ ಉಂಟು, ಬಿಡಬೇಡಿ." ಲಾಬಿ ಪೂರ್ತಿ ತಿರುಗಿ ನೋಡಿತು. ಅಮ್ಮ ಅವನಿಗೆ "ಯಾನ್ ಓಡೆಗ್ಲಾ ಪೋಪುಜಿ ಮಗಾ" ಅಂದರು. ನಾನು ಎಲ್ಲಿಗೂ ಹೋಗುವುದಿಲ್ಲ ಮಗಾ, ಅಂತ. ಆಮೇಲೆ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತು, ನಾನು ಓಡಿ ಹೋಗಿ ಕೇಳಿದರೆ "ಈಗ ಅರ್ಜೆಂಟ್ ಇಲ್ಲ" ಅಂದರು. ಅರ್ಜೆಂಟ್ ಇಲ್ಲವಂತೆ! ಮೂವತ್ತು ವರ್ಷ ಬೀಡಿ ಕಟ್ಟಿ ನಮ್ಮನ್ನು ಓದಿಸಿದ ಹೆಂಗಸು, ಯಾರ ಹತ್ತಿರವೂ ಒಂದು ರೂಪಾಯಿ ಸಾಲ ಇಟ್ಟುಕೊಂಡವರಲ್ಲ. ಅವರನ್ನು ಕಳ್ಳರ ಹಾಗೆ ತಡೆದು ನಿಲ್ಲಿಸಿದರಲ್ಲ. ಕೊನೆಗೆ ಡ್ಯೂಟಿ ಮುಗಿಸಿ ಹೊರಟಿದ್ದ ಒಬ್ಬ ಸಿಸ್ಟರ್ ನೋಡಿ, ತಾನೇ ಕೈ ಹಿಡಿದು ಮೇಲೆ ವಾರ್ಡಿಗೆ ಕರೆದುಕೊಂಡು ಹೋದರು. ಆ ತಾಯಿ ಎಲ್ಲಿದ್ದರೂ ಚೆನ್ನಾಗಿರಲಿ.

ಪೆಂಡಿಂಗ್ ಅಂದರೆ ಎಷ್ಟು? 24,000 ಚಿಲ್ಲರೆ. ಹೇಗೆ ಬಂತು ಕೇಳಿ. ಅಡ್ಮಿಶನ್ ದಿನ ಜನರಲ್ ವಾರ್ಡ್ ಫುಲ್, ಸೆಮಿ ಪ್ರೈವೇಟ್ ಮಾತ್ರ ಉಂಟು ಅಂದರು. ಬಾಡಿಗೆ ದಿನಕ್ಕೆ 4,500, ಪಾಲಿಸಿಯ ಮಿತಿ 3,000. ಮೇಲಿನ 1,500 ನಾವೇ ಕೊಡುವುದು ಅಂತ ತಾನೇ ಯಾರಾದರೂ ತಿಳಿಯುವುದು? ಹಾಗಲ್ಲವಂತೆ. ರೂಮಿನ ಬಾಡಿಗೆಯಲ್ಲಿ ಮೂರರಲ್ಲಿ ಒಂದು ಪಾಲು ಮಿತಿಯ ಮೇಲಾದರೆ ಸರ್ಜನ್ ಫೀಸು, ಓಟಿ ಅಂದರೆ ಆಪರೇಶನ್ ಥಿಯೇಟರಿನ ಚಾರ್ಜು, ಅನಸ್ತೇಶಿಯಾ ಎಲ್ಲದರಲ್ಲೂ ಮೂರರಲ್ಲಿ ಒಂದು ಪಾಲು ಕಟ್. ಔಷಧಿ, ಟೆಸ್ಟು ಮಾತ್ರ ಇದರಿಂದ ಹೊರಗೆ. ಇದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದು: ಪಿತ್ತಕೋಶದ ಆಪರೇಶನ್ ಮಾಡಿದ್ದು ಅದೇ ಡಾಕ್ಟರು, ಅದೇ ಓಟಿ, ಅದೇ ಕತ್ತರಿ, ಪೇಶೆಂಟ್ ಮಲಗುವ ರೂಮು ಬದಲಾದರೆ ಆಪರೇಶನ್ನಿನ ರೇಟೇ ಬೇರೆ. ಯಾಕೆ? ನಿಜವಾಗಿ ಕೇಳುತ್ತಿದ್ದೇನೆ, ಒಳಗೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ. ಮತ್ತೆ ಗ್ಲೌಸು, ಅಂಡರ್‌ಪ್ಯಾಡು, ಅಡ್ಮಿಶನ್ ಕಿಟ್ಟು. ಕಿಟ್ ಅಂದರೆ ಬಾಚಣಿಗೆ, ಸೋಪು, ಟೂತ್‌ಬ್ರಷ್ ಇರುವ ಒಂದು ಪೌಚು, ಅಮ್ಮ ಅದನ್ನು ಬಿಚ್ಚಿಯೂ ಇಲ್ಲ. ಅದೆಲ್ಲ ಇನ್ಶೂರೆನ್ಸಿಗೆ ಬರುವುದಿಲ್ಲವಂತೆ.

ಹೋಗಲಿ, ದುಡ್ಡು ಕಟ್ಟಿದೆ. ಭಾವನಿಗೆ ಫೋನ್ ಮಾಡಿ ಹಾಕಿಸಿಕೊಂಡು ಕಟ್ಟಿದೆ. ಅದು ನನಗೆ ದೊಡ್ಡದಲ್ಲ. ಅಲ್ಲ, ದೊಡ್ಡದೇ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮನ್ನು ಅಲ್ಲಿ ಕೂರಿಸಿದ್ದು ಯಾರು? ಬಿಲ್ಲಿಂಗಿನವರು ಟಿಪಿಎ ಅಂದರು, ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡುವವರು. ಟಿಪಿಎಗೆ ಫೋನ್ ಮಾಡಿದರೆ, ಆಸ್ಪತ್ರೆಗೆ ಕ್ವೆರಿ ಹಾಕಿದ್ದೇವೆ, ಉತ್ತರ ಬಂದಿಲ್ಲ. ಇನ್ಶೂರೆನ್ಸ್ ಡೆಸ್ಕಿಗೆ ಹೋದರೆ, ಉತ್ತರ ಆಗಲೇ ಹಾಕಿದ್ದೇವೆ, ಡಿಸ್ಚಾರ್ಜ್ ಸಮ್ಮರಿಗೆ ಡಾಕ್ಟರ ಸೈನ್ ಬಾಕಿ ಉಂಟು. ಡಾಕ್ಟರು ಓಟಿಯಲ್ಲಿ. 2024ರ ಮೇ ತಿಂಗಳಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಸರ್ಕ್ಯುಲರ್ ಮಾಡಿದೆ: ಆಸ್ಪತ್ರೆ ಡಿಸ್ಚಾರ್ಜ್ ಅಪ್ರೂವಲ್ ಕೇಳಿದ ಮೇಲೆ ಇನ್ಶೂರೆನ್ಸ್ ಕಂಪನಿ ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಬಿಲ್ ಏರಿದರೆ ಆ ಖರ್ಚು ಕಂಪನಿಯದ್ದೇ. ಆದರೆ ಆಸ್ಪತ್ರೆ ಕೇಳಿದ್ದೇ ಎಷ್ಟು ಹೊತ್ತಿಗೆ ಅಂತ ನಮಗೆ ಹೇಳುವವರು ಯಾರು? ಆ ಟೈಮನ್ನು ಯಾರೂ ಹೇಳಲಿಲ್ಲ. ಅದೊಂದು ಚೀಟಿ ಕೊಡಿ ಅಂದರೆ ನನ್ನನ್ನು ಹುಚ್ಚನ ಹಾಗೆ ನೋಡಿದರು.

ಈಗ ಕೆಲವರು ಬರುತ್ತೀರಿ, ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಹೋಗಬಹುದಿತ್ತಲ್ಲ, ಆಯುಷ್ಮಾನ್ ಕಾರ್ಡ್ ಇಲ್ವಾ ಅಂತ. ಉಂಟು. ನಮ್ಮದು ಎಪಿಎಲ್. ಪ್ಯಾಕೇಜ್ ರೇಟಿನ 30% ಮಾತ್ರ ಸರ್ಕಾರದ್ದು, ಅದಕ್ಕೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ವೆನ್ಲಾಕಿನಲ್ಲಿ ಅಕ್ಕಪಕ್ಕದ ಜಿಲ್ಲೆಯವರೆಲ್ಲ ಸೇರಿ ಕಾಯುತ್ತಾರೆ. ದಕ್ಷಿಣ ಕನ್ನಡದಲ್ಲಿ 8 ಮೆಡಿಕಲ್ ಕಾಲೇಜು ಉಂಟು, ಒಂದೂ ಸರ್ಕಾರದ್ದಲ್ಲ. ಲಾಬಿಯಲ್ಲಿ ನಮ್ಮ ಪಕ್ಕ ಕೂತಿದ್ದವರು ಉತ್ತರ ಕನ್ನಡದ ಹೊನ್ನಾವರದ ಕಡೆಯವರು. ಆ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅಂತಲೇ ಇಲ್ಲಿವರೆಗೆ ಬರುವುದು. 2022ರ ಜುಲೈಯಲ್ಲಿ ಹೊನ್ನಾವರದಿಂದ ಬರುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಹೋದರಲ್ಲ, ನೆನಪುಂಟಾ? ಅಷ್ಟು ದೂರದಿಂದ ಬಂದವರಿಗೂ ಬಿಲ್ ಸಿಕ್ಕಿದ್ದು ಕತ್ತಲಾದ ಮೇಲೆ. ಆ ಹೊತ್ತಿಗೆ ಆಪರೇಶನ್ ಆದವರನ್ನು ಕರೆದುಕೊಂಡು ಅವರು ಎಲ್ಲಿಗೆ ಹೋಗಬೇಕು?

ಟ್ರೀಟ್‌ಮೆಂಟ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಡಾಕ್ಟರ ಕೈಗುಣ ಒಳ್ಳೆಯದು, ಅಮ್ಮನಿಗೆ ನೋವು ಕಡಿಮೆಯಾಗಿದೆ. "ಬಿಡು ಮಗಾ, ಜೀವ ಉಳಿಯಿತಲ್ಲ" ಅನ್ನುತ್ತಿದ್ದಾರೆ. ನಾನೂ ಒಂದು ಗಂಟೆ ಬಿಟ್ಟೆ. ದೊಡ್ಡವರ ಜೊತೆ ನಮಗೆ ಎಂತ ಆಗುತ್ತದೆ, ನಾಳೆ ಮತ್ತೆ ಹುಷಾರು ತಪ್ಪಿದರೆ ಅಲ್ಲಿಗೇ ಹೋಗಬೇಕಲ್ಲ ಅಂತ. ಆಮೇಲೆ ಅಮ್ಮನ ಕೈ ನೋಡಿದೆ, ಕ್ಯಾನುಲಾ ಇದ್ದ ಜಾಗ ನೀಲಿಗಟ್ಟಿದೆ. ಇಲ್ಲ, ಬಿಡುವುದಿಲ್ಲ.

ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮಾಡಿದ ರೋಗಿಗಳ ಹಕ್ಕುಪತ್ರದಲ್ಲಿ ಬಿಲ್ ತಕರಾರಿಗಾಗಿ ಪೇಶೆಂಟನ್ನು ಹಿಡಿದಿಡಬಾರದು ಅಂತ ಉಂಟು. ಖಾಸಗಿ ಆಸ್ಪತ್ರೆಗಳಿಗಿರುವ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲಿ ದೂರು ಕೇಳಲಿಕ್ಕೆ ಜಿಲ್ಲಾ ಪ್ರಾಧಿಕಾರ ಉಂಟು, ಡಿಸಿಯೇ ಅಧ್ಯಕ್ಷರು. ಸೋಮವಾರ ಬಿಲ್ಲಿನ ಪ್ರತಿ ಹಿಡಿದುಕೊಂಡು ಪಡೀಲಿನ ಡಿಸಿ ಆಫೀಸಿಗೆ ಹೋಗುತ್ತೇನೆ. ಅಲ್ಲಿ ದೂರು ಕೊಟ್ಟವರು ಯಾರಾದರೂ ಇದ್ದೀರಾ? ಅರ್ಜಿ ಯಾರ ಕೈಗೆ ಕೊಡಬೇಕು, ಸ್ವೀಕೃತಿ ಕೊಡುತ್ತಾರಾ, ಅಮ್ಮನೂ ಬರಬೇಕಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.