ಬೆಂಕಿಕಡ್ಡಿ ಉಳಿಸಿದ ದೇಶ

ನಮ್ಮಜ್ಜಿಯ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ಭಾರಿ ಮರ್ಯಾದೆ. ಒಲೆಯಲ್ಲಿ ಕೆಂಡ ಇರುವಾಗ ಯಾರಾದರೂ ಕಡ್ಡಿ ಗೀರಿದರೆ ಬೈಗುಳ ಗ್ಯಾರಂಟಿ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಬೆಳಗ್ಗೆ ಊದುಕೊಳವೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ಊದುತ್ತಿದ್ದಳು. ಒಂದು ಕಡ್ಡಿ ಉಳಿಯಿತಲ್ಲ ಅನ್ನುವ ಸಮಾಧಾನ.

ಇಂಥ ಅಜ್ಜಿ ಹುಟ್ಟಬೇಕಾಗಿದ್ದು ಮಧ್ಯ ಏಷ್ಯಾದ ತುರ್ಕ್‌ಮೆನಿಸ್ತಾನದಲ್ಲಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಒಲೆ ಆರಿಸುತ್ತಲೇ ಇರಲಿಲ್ಲವಂತೆ. ಅಡುಗೆ ಮುಗಿದರೂ ಉರಿ, ಎಲ್ಲರೂ ಮಲಗಿದರೂ ಉರಿ. ಯಾಕೆ ಅಂದರೆ ಗ್ಯಾಸು ಪುಕ್ಕಟೆ, ಬೆಂಕಿಪೊಟ್ಟಣಕ್ಕೆ ದುಡ್ಡು. ಲೆಕ್ಕ ಸರಿಯಾಗೇ ಇದೆ ಅಲ್ವಾ? ಜನರನ್ನು ನೋಡಿ ನಗುವ ಹಾಗಿಲ್ಲ. ಅವರು ಉಳಿತಾಯವನ್ನೇ ಮಾಡುತ್ತಿದ್ದರು.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ಈ ದೇಶದ ಪಾಲಿಗೆ ಬಂದಿದ್ದು ಕಾರಾಕುಮ್ ಮರಳುಗಾಡು, ಅದರ ಕೆಳಗೆ ಜಗತ್ತಿನ ನಾಲ್ಕನೇ ಅತಿ ದೊಡ್ಡದೆನ್ನುವ ಗ್ಯಾಸ್ ಖಜಾನೆ, ಮೇಲೆ ಸಪರ್‌ಮುರಾತ್ ನಿಯಾಜೋವ್ ಎಂಬ ಅಧ್ಯಕ್ಷರು. ಜನವರಿ ತಿಂಗಳಿಗೆ ತಮ್ಮ ಬಿರುದು, ಏಪ್ರಿಲ್‌ಗೆ ತಮ್ಮ ತಾಯಿಯ ಹೆಸರು ಇಟ್ಟ ಮಹಾನುಭಾವರು ಇವರೇ. ರಾಜಧಾನಿ ಅಶ್ಗಾಬಾತ್‌ನಲ್ಲಿ ಇವರದೊಂದು ಚಿನ್ನದ ಲೇಪನದ ಪ್ರತಿಮೆ ಇತ್ತು. ಸೂರ್ಯ ಹೋದ ಕಡೆಗೆ ಅದೂ ತಿರುಗುತ್ತಿತ್ತು. ತಿರುಗಿಸುವ ಮೋಟಾರಿನ ಕರೆಂಟ್ ಬಿಲ್ ಯಾರು ಕಟ್ಟುತ್ತಿದ್ದರು ಅಂತ ಕೇಳಬೇಡಿ. ಅಲ್ಲಿ ಬಿಲ್ಲೇ ಇರಲಿಲ್ಲ.

1993ರಿಂದ ನಿಯಾಜೋವ್ ಪ್ರಜೆಗಳಿಗೆ ನಾಲ್ಕು ವಸ್ತು ಪುಕ್ಕಟೆ ಕೊಟ್ಟರು. ಗ್ಯಾಸು, ಕರೆಂಟು, ನೀರು, ಉಪ್ಪು. ಕರೆಂಟು ತಲೆಗೆ ತಿಂಗಳಿಗೆ 35 ಯೂನಿಟ್, ಗ್ಯಾಸು 50 ಘನ ಮೀಟರ್. ಅದೆಲ್ಲ ಇರಲಿ, ಉಪ್ಪು ಯಾಕೆ? ನನಗೆ ತುಂಬಾ ದಿನ ಇದು ಅರ್ಥವಾಗಿರಲಿಲ್ಲ. ಆಮೇಲೆ ಹೊಳೆಯಿತು. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಾರಲ್ಲ, ಆ ಮನುಷ್ಯ ಎರಡನ್ನೂ ಒಟ್ಟಿಗೇ ಕೊಟ್ಟುಬಿಟ್ಟಿದ್ದರು. ಅದೂ ಅಲ್ಲದೆ ಉಪ್ಪು ತಿಂದ ಮನೆಗೆ ಎರಡು ಬಗೆಯುವ ಹಾಗಿಲ್ಲ. ಇಡೀ ದೇಶವೇ ಒಂದು ಮನೆಯ ಉಪ್ಪು ತಿಂದರೆ ವಿರೋಧ ಪಕ್ಷಕ್ಕೆ ಜಾಗ ಎಲ್ಲಿಂದ ಬರಬೇಕು? ಇರಲೂ ಇಲ್ಲ ಬಿಡಿ.

2006ರ ಕೊನೆಗೆ ನಿಯಾಜೋವ್ ತೀರಿಕೊಂಡರು. ಕುರ್ಚಿಗೆ ಬಂದವರು ಗುರ್ಬಾನ್‌ಗುಲಿ ಬೆರ್ದಿಮುಹಮೆದೋವ್. ಓದಿದ್ದು ದಂತವೈದ್ಯಕೀಯ. ಇವರು 2008ರಲ್ಲಿ ಪೆಟ್ರೋಲ್ ಬೆಲೆ ಏರಿಸಿದರು. ಜನ ಬೇಜಾರಾಗಬಾರದಲ್ಲ, ಜೊತೆಗೇ ಕಾರಿಗೆ ತಿಂಗಳಿಗೆ 120 ಲೀಟರ್, ಬೈಕಿಗೆ 40 ಲೀಟರ್ ಪುಕ್ಕಟೆ ಕೂಪನ್ ಹಂಚಿದರು. ಹಲ್ಲು ಕೀಳುವ ಮೊದಲು ಜೋಮಿನ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗೆ. 2014ರಲ್ಲಿ ಕೂಪನ್ ನಿಂತಿತು. ಬೆಲೆ ಮಾತ್ರ ಮತ್ತೆ ಏರಿತು. ಅಂದರೆ ಜೋಮು ಇಳಿಯಿತು.

ಇಷ್ಟೊಂದು ಗ್ಯಾಸ್ ಇಟ್ಟುಕೊಂಡು ಕೈ ಖಾಲಿ ಆಗಿದ್ದು ಹೇಗೆ ಅಂತೀರಾ? ಗ್ಯಾಸನ್ನು ಚೀಲದಲ್ಲಿ ತುಂಬಿ ಸಂತೆಗೆ ಒಯ್ಯುವ ಹಾಗಿಲ್ಲ. ಪೈಪ್ ಎಲ್ಲಿಗೆ ಹೋಗಿದೆಯೋ ಅಲ್ಲಿಗೇ ಮಾರಬೇಕು. 2016ರ ಆರಂಭದಲ್ಲಿ ರಷ್ಯಾ ಕೊಳ್ಳುವುದನ್ನು ನಿಲ್ಲಿಸಿತು. 2017ರ ಮೊದಲ ದಿನವೇ ಹಳೇ ಬಾಕಿಯ ಜಗಳದಲ್ಲಿ ಇರಾನ್‌ಗೆ ಇವರೇ ನಲ್ಲಿ ತಿರುಗಿಸಿದರು. ಉಳಿದ ದೊಡ್ಡ ಗಿರಾಕಿ ಚೀನಾ ಒಂದೇ. ಒಬ್ಬನೇ ಗಿರಾಕಿ ಇರುವ ಅಂಗಡಿಯಲ್ಲಿ ರೇಟು ಯಾರು ಹೇಳುತ್ತಾರೆ ಅನ್ನುವುದು ಸಂತೆಗೆ ಹೋದವರಿಗೆಲ್ಲ ಗೊತ್ತು.

ಕೊನೆಗೆ 2019ರ ಜನವರಿ 1ಕ್ಕೆ ನಾಲ್ಕೂ ಪುಕ್ಕಟೆಗಳು ಮುಗಿದವು. 2030ರ ತನಕ ಇರುತ್ತದೆ ಅಂತ ಮೊದಲು ಮಾತು ಕೊಟ್ಟಿದ್ದರು. ಮಾತು ಕೊಡುವುದೂ ಪುಕ್ಕಟೆಯೇ ಅಲ್ವಾ.

ಆದರೂ ಲೆಕ್ಕದಲ್ಲಿ ಈಗಲೂ ಅಲ್ಲಿ ಎಲ್ಲಾ ಅಗ್ಗ. 2018ರಲ್ಲಿ ಪೆಟ್ರೋಲ್ ಲೀಟರಿಗೆ ಒಂದೂವರೆ ಮನಾತ್ ಆಯಿತು. ಮನಾತ್ ಅಂದರೆ ಅಲ್ಲಿಯ ದುಡ್ಡು. ಡಾಲರಿಗೆ ಎಷ್ಟು ಮನಾತ್? ಸರ್ಕಾರವನ್ನು ಕೇಳಿದರೆ ಮೂರೂವರೆ. 2015ರಿಂದ ಅದು ಅಲ್ಲಾಡಿಲ್ಲ. ಬೀದಿಯಲ್ಲಿ ಕೇಳಿದರೆ ಹತ್ತೊಂಬತ್ತು, ಇಪ್ಪತ್ತು. ಹೀಗಾಗಿ ಒಂದೇ ಲೀಟರ್ ಪೆಟ್ರೋಲಿಗೆ ಬ್ಯಾಂಕಿನೊಳಗೆ 43 ಸೆಂಟ್, ಬ್ಯಾಂಕಿನ ಹೊರಗೆ 8 ಸೆಂಟ್. ಬಾಗಿಲು ದಾಟಿದರೆ ಸಾಕು, ಬೆಲೆ ಇಳಿಯುತ್ತದೆ. ಸಂಬಳವೂ ಹಾಗೇ ಇಳಿಯುತ್ತದೆ ಅನ್ನುವುದು ಬೇರೆ ಮಾತು. ಸರ್ಕಾರಿ ಅಂಗಡಿಗಳ ಮುಂದೆ ಅಗ್ಗದ ಬ್ರೆಡ್‌ಗೆ ಜನ ಸಾಲು ನಿಂತ ಸುದ್ದಿ ಹೊರದೇಶದ ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿಯ ಟೀವಿಯಲ್ಲಿ ಬರುವುದಿಲ್ಲ. ಟೀವಿಯಲ್ಲಿ ಬರುವುದು ಅಮೃತಶಿಲೆ. ಬಿಳಿ ಅಮೃತಶಿಲೆ ಹೊದೆಸಿದ ಕಟ್ಟಡಗಳು ಜಗತ್ತಿನಲ್ಲೇ ಅತಿ ಒತ್ತೊತ್ತಾಗಿರುವ ಊರು ಅಂತ ಅಶ್ಗಾಬಾತ್‌ಗೆ 2013ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿದೆ.

ನಮಗೂ ಆ ಗ್ಯಾಸ್ ಬರಬೇಕಿತ್ತು. ಮರೆತೇಹೋಗಿರಬಹುದು. ತುರ್ಕ್‌ಮೆನಿಸ್ತಾನ, ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತ ಅಂತ ನಾಲ್ಕೂ ದೇಶಗಳ ಮೊದಲಕ್ಷರ ಸೇರಿಸಿ ತಾಪಿ ಅಂತ ಹೆಸರಿಟ್ಟ ಪೈಪ್‌ಲೈನ್. ಉದ್ದ ಸುಮಾರು 1,800 ಕಿಲೋಮೀಟರ್, ಕೊನೆಯ ನಿಲ್ದಾಣ ಪಂಜಾಬಿನ ಫಾಜಿಲ್ಕಾ. 2015ರ ಡಿಸೆಂಬರ್‌ನಲ್ಲಿ ಮಾರಿ ಎಂಬ ಊರಿನಲ್ಲಿ ಗುದ್ದಲಿಪೂಜೆ ಆಯಿತು. ನಮ್ಮ ಆಗಿನ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಅವರೂ ಹೋಗಿದ್ದರು. 2019ಕ್ಕೆಲ್ಲ ಗ್ಯಾಸ್ ಹರಿಯುತ್ತದೆ ಅಂದರು. ಪೈಪು ಇನ್ನೂ ಅಫ್ಘಾನಿಸ್ತಾನದಲ್ಲೇ ತೆವಳುತ್ತಿದೆ. ಗುದ್ದಲಿಪೂಜೆ ಮಾಡಿ ಮರೆಯುವ ವಿದ್ಯೆ ನಮ್ಮದು ಮಾತ್ರ ಅಂದುಕೊಂಡಿದ್ದೆ. ತಪ್ಪು.

ಮನೆಗಳಿಗೆ ಬಿಲ್ ಬಂತು, ಸರಿ. ಗಾಳಿಗೆ ಸೋರುವ ಗ್ಯಾಸಿಗೆ? ಅಲ್ಲಿಯ ಎರಡೇ ಗ್ಯಾಸ್ ಪ್ರದೇಶಗಳಿಂದ 2022ರಲ್ಲಿ ಸೋರಿದ ಮೀಥೇನ್ ಭೂಮಿಯನ್ನು ಬಿಸಿ ಮಾಡಿದ್ದು ಬ್ರಿಟನ್ನಿನ ಇಡೀ ವರ್ಷದ ಕಾರ್ಬನ್‌ಗಿಂತ ಜಾಸ್ತಿ ಅಂತ ಉಪಗ್ರಹದ ಲೆಕ್ಕ. ಅದಕ್ಕೆ ಮೀಟರ್ ಕೂರಿಸಿದವರಿಲ್ಲ. ಮನೆಯಾಕೆ ಒಲೆ ಉರಿಸಿದ್ದು ದುಂದು. ಇದು ಸುಮ್ನೆ ಸೋರಿಕೆ.

ಇನ್ನು ದರ್ವಾಜಾ. ಕಾರಾಕುಮ್ ನಡುವೆ ಸುಮಾರು 70 ಮೀಟರ್ ಅಗಲದ ಉರಿಯುವ ಹಳ್ಳ. 1971ರಲ್ಲಿ ಸೋವಿಯತ್ ತಜ್ಞರು ಅಗೆಯುವಾಗ ನೆಲ ಕುಸಿಯಿತು, ವಿಷದ ಗ್ಯಾಸ್ ಒಂದೆರಡು ವಾರದಲ್ಲಿ ಉರಿದು ಖಾಲಿಯಾಗಲಿ ಅಂತ ಬೆಂಕಿ ಇಟ್ಟರು ಅನ್ನುವುದು ಎಲ್ಲರೂ ಹೇಳುವ ಕಥೆ. ಆ ಒಂದೆರಡು ವಾರ ಇನ್ನೂ ಮುಗಿದಿಲ್ಲ. 2019ರಲ್ಲಿ ಬೆರ್ದಿಮುಹಮೆದೋವ್ ಸತ್ತರಂತೆ ಅಂತ ಗಾಳಿಸುದ್ದಿ ಹಬ್ಬಿತು. ಬದುಕಿದ್ದೇನೆ ಅಂತ ತೋರಿಸಲು ಅವರು ಈ ಹಳ್ಳದ ಪಕ್ಕ ರೇಸ್ ಕಾರನ್ನು ಗಿರಗಿರ ತಿರುಗಿಸಿದ್ದನ್ನು ಟೀವಿಯಲ್ಲಿ ಹಾಕಿದರು. ಆ ಪೆಟ್ರೋಲಿಗೆ ಕೂಪನ್ ಇತ್ತೋ ಇಲ್ಲವೋ. 2022ರ ಜನವರಿಯಲ್ಲಿ ಅವರೇ, ಬೆಲೆಬಾಳುವ ಗ್ಯಾಸ್ ಸುಟ್ಟುಹೋಗುತ್ತಿದೆ, ಬೆಂಕಿ ಆರಿಸಿ ಅಂತ ಆದೇಶ ಕೊಟ್ಟರು. ಎರಡು ತಿಂಗಳಿಗೆ ಮಗ ಅಧ್ಯಕ್ಷರಾದರು. ಕುರ್ಚಿಯ ಜೊತೆ ಹಳ್ಳವೂ ಮಗನ ಪಾಲಿಗೆ ಬಂತು.

ಉರಿ ಮೂರು ಪಟ್ಟು ತಗ್ಗಿದೆ ಅಂತ 2025ರಲ್ಲಿ ಅಧಿಕಾರಿಗಳು ಹೇಳಿದರು. ಪೂರ್ತಿ ಆರಿಸಲು ಯಾಕೋ ಯಾರಿಗೂ ಮನಸ್ಸು ಬಂದಂತಿಲ್ಲ. ಆರಿಸಿದರೆ, ಮತ್ತೆ ಬೇಕು ಅಂದಾಗ ಕಡ್ಡಿ ಗೀರಬೇಕಲ್ಲ.