ಮಿಡಿಗೆ ಮರ ಕೇಳುತ್ತೀರಿ, ಕಾಫಿಗೆ ಊರು ಯಾಕೆ ಕೇಳೋದಿಲ್ಲ?

ನಿನ್ನೆ ಮಧ್ಯಾಹ್ನ ಭಾವ ಬಂದಿದ್ದ. ಸಿದ್ದಾಪುರದ ಕಡೆಯಿಂದ ಒಂದು ಚೀಲ ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ತಂದಿದ್ದ. ಜಗಲಿಯಲ್ಲಿ ಕೂತು ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದ. ಸೊನೆ ಚಿಮ್ಮಿತು. ಮೂಗಿನ ಹತ್ತಿರ ಹಿಡಿದು, "ಇದು ಹೊಳೆ ದಂಡೆ ಮರದ್ದಲ್ಲ. ಜೀರಿಗೆ ಪರಿಮಳ ಕಮ್ಮಿ. ಕೊಯ್ದವ ಎರಡು ಮರದ್ದು ಬೆರೆಸಿದ್ದಾನೆ" ಅಂದ. ಆಮೇಲೆ ಅರ್ಧ ಗಂಟೆ ಒಂದೊಂದೇ ಮೂಸಿ ಎರಡು ರಾಶಿ ಮಾಡಿದ. ನನಗೆ ಖುಷಿಯಾಯಿತು. ಇಂಥ ಮೂಗು ನಮ್ಮ ಶಿರಸಿ ಸೀಮೆಯಲ್ಲಿ ಮಾತ್ರ ಸಿಗೋದು ಅನ್ನಿಸಿತು.

ಅದೇ ಭಾವನಿಗೆ ಕಾಫಿ ಮಾಡಿ ಕೊಟ್ಟೆ. ಬಾಬಾಬುಡನ್‌ಗಿರಿಯ ಒಂದೇ ತೋಟದ ಅರೇಬಿಕಾ ಜಾತಿಯ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ. ಮೂರೇ ಗುಟುಕಿಗೆ ಮುಗಿಸಿದ. ಯಾವ ತೋಟದ್ದು ಎಂದು ಹೇಳಲು ಬಾಯಿ ತೆರೆದೆ. "ಕಾಫಿ ಅಂದ್ರೆ ಕಾಫಿ ಮಾರಾಯಾ, ಅದಕ್ಕೆಂತ ಊರು? ಸಕ್ಕರೆ ಮರೆತೆಯಾ?" ಅಂದ.

ಆ ಮಾತು ರಾತ್ರಿಯಿಡೀ ಕೊರೆಯಿತು. ಮಿಡಿಗೆ ಊರಿದೆ, ಮರವಿದೆ, ಹೊಳೆ ದಂಡೆಯಿದೆ. ಕಾಫಿಗೆ ಎಂತಕ್ಕೆ ಇಲ್ಲ?

ನಾನು ಕೊಟ್ಟದ್ದು ಎಸ್.795 ಎಂಬ ಅರೇಬಿಕಾ ತಳಿಯ ಕಾಫಿ. ಎಸ್.288 ಎಂಬ ತಳಿಗೂ ಕೆಂಟ್ ಎಂಬ ತಳಿಗೂ ಸಂಕರ ಮಾಡಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಗಿಡ. ಆ ಕೇಂದ್ರ ಶುರುವಾದದ್ದು 1925ರಲ್ಲಿ. ಎಲೆ ತುಕ್ಕು ರೋಗ ತೋಟಗಳನ್ನು ತಿಂದುಹಾಕುತ್ತಿದ್ದ ಕಾಲದಲ್ಲಿ ರೋಗ ತಡೆದುಕೊಳ್ಳುವ, ಆದರೆ ರುಚಿ ಬಿಟ್ಟುಕೊಡದ ಗಿಡ ಬೇಕಿತ್ತು. ಅದಕ್ಕೆ ವರ್ಷಗಟ್ಟಲೆ ದುಡಿದಿದ್ದಾರೆ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆ ನಮಗೆಲ್ಲ ಗೊತ್ತು, ಮಕ್ಕಳಿಗೆ ಹೇಳುತ್ತೇವೆ. ಆ ಗುಡ್ಡದ ಕಾಫಿಯನ್ನು ಬೇರೆಯಾಗಿ ಕುಡಿದು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಇವತ್ತು ಬೆಳಿಗ್ಗೆ ಒಬ್ಬನೇ ಮತ್ತೆ ಮಾಡಿಕೊಂಡೆ. 15 ಗ್ರಾಂ ಬೀಜ, ಆಗಷ್ಟೇ ಬೀಸಿದ್ದು. ಕುದಿ ಬಂದ ನೀರನ್ನು ಒಂದು ನಿಮಿಷ ಬಿಟ್ಟು, ಮೊದಲು ಸ್ವಲ್ಪವೇ ಹೊಯ್ದೆ. ಪುಡಿ ದೋಸೆ ಹಿಟ್ಟಿನ ಹಾಗೆ ಉಬ್ಬಿತು, ಮೇಲೆ ಸಣ್ಣ ಸಣ್ಣ ಗುಳ್ಳೆ ಒಡೆದವು. ಹುರಿದು ಜಾಸ್ತಿ ದಿನ ಆಗಿಲ್ಲ ಅಂತ ಅದರ ಅರ್ಥ, ಒಳಗಿನ ಗಾಳಿ ಇನ್ನೂ ಹೋಗಿಲ್ಲ. ಉಳಿದ ನೀರು ಹೊಯ್ದು ಕಾದೆ. ಬಿಸಿಯಿರುವಾಗ ನಾಲಿಗೆಗೆ ಏನೂ ತಿಳಿಯೋದಿಲ್ಲ, ಬರೀ ಕಹಿ. ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದಾಗ ಹುಳಿ ಬಂತು. ನಿಂಬೆಯ ಹುಳಿಯಲ್ಲ, ಹಳೆ ಹುಣಸೆಯದ್ದು. ಅದರ ಹಿಂದೆಯೇ ಪಕ್ಕದ ಕೋಣೆಯಲ್ಲಿ ಯಾರೋ ಹಲಸಿನ ಹಣ್ಣು ಬಿಡಿಸುತ್ತಿದ್ದ ಹಾಗೆ ಒಂದು ವಾಸನೆ. ಪೂರ್ತಿ ಆರಿದ ಮೇಲಿನ ಕೊನೆ ಗುಟುಕಿನಲ್ಲಿ ಬೆಲ್ಲದ ಪಾಕ ತಳ ಹಿಡಿಯುವ ಮೊದಲಿನ ಪರಿಮಳ. ಸಕ್ಕರೆ ಹಾಕಿಲ್ಲ, ನೆನಪಿರಲಿ. ಭಾವ ಇದನ್ನೆಲ್ಲ ಬಿಸಿಬಿಸಿಯಲ್ಲೇ ನುಂಗಿಬಿಟ್ಟ. ಮಿಡಿಯ ಸೊನೆಯಲ್ಲಿ ಜೀರಿಗೆ ಹಿಡಿಯುವ ಮೂಗಿಗೆ ಇದು ಸಿಗೋದಿಲ್ಲ ಅಂದರೆ ನಾನು ಒಪ್ಪೋದಿಲ್ಲ.

ಇದೆಲ್ಲ ದುಡ್ಡಿದ್ದವರ ಚಟ ಅನ್ನುತ್ತಾರೆ. ಲೆಕ್ಕ ಹಾಕಿ. ಕಾಲು ಕೆಜಿಗೆ ನಾನು 500 ರೂಪಾಯಿ ಕೊಟ್ಟೆ, 16 ಲೋಟ ಆಗುತ್ತದೆ. ಲೋಟಕ್ಕೆ 31 ರೂಪಾಯಿ ಚಿಲ್ಲರೆ. ಶಿರಸಿ ಪೇಟೆಯಲ್ಲಿ ಒಂದು ಪ್ಲೇಟ್ ಗೋಬಿ ತಿನ್ನುವಾಗ ಯಾರೂ ಚಟ ಅನ್ನೋದಿಲ್ಲ. ಹಾಲು, ಚಿಕೋರಿ ಹಾಕಿದ ಫಿಲ್ಟರ್ ಕಾಫಿಗೆ ನಾನು ಅಡ್ಡ ಬಂದವನೂ ಅಲ್ಲ. ನಮ್ಮನೆಯಲ್ಲೂ ದಿನಾ ಮಾಡುತ್ತೇವೆ. ಆದರೆ ಪುಡಿ ಪೊಟ್ಟಣದ ಹಿಂದೆ ಚಿಕೋರಿ ಎಷ್ಟು ಅಂತ ಬರೆದಿರುತ್ತದೆ, ಒಮ್ಮೆ ತಿರುಗಿಸಿ ಓದಿ. ಮಿಶ್ರಣದಲ್ಲಿ ನೂರಕ್ಕೆ 49 ಪಾಲಿನವರೆಗೂ ಚಿಕೋರಿ ಹಾಕಲು ಕಾನೂನು ಬಿಡುತ್ತದೆ. ಅರ್ಧದಷ್ಟು ಬೇರೊಂದು ಗಿಡದ ಬೇರು ಕುಡಿದು ಕಾಫಿ ಅಂದ್ರೆ ಕಾಫಿ ಅನ್ನಬೇಡಿ, ಅಷ್ಟೇ.

ಇನ್ನೊಂದು ಸಿಟ್ಟು. 1 ಕೆಜಿ ಹುರಿಯದ ಬೀಜಕ್ಕೆ ಸುಮಾರು 6 ಕೆಜಿ ಹಣ್ಣು ಕೊಯ್ಯಬೇಕು. ಒಳ್ಳೆ ಕಾಫಿ ಬೇಕೆಂದರೆ ಕೆಂಪಾದದ್ದನ್ನು ಮಾತ್ರ ಆರಿಸಿ, ಉಳಿದದ್ದು ಹಣ್ಣಾಗುವ ತನಕ ಕಾದು, ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಬೇಕು. ಕುಡಿಯುವವರು ಊರು ಕೇಳದಿದ್ದರೆ ಬೆಳೆಯುವವನು ಅಷ್ಟು ಕೂಲಿ ಯಾಕೆ ಕೊಡಬೇಕು? ಹಸಿರು, ಕೆಂಪು ಒಟ್ಟಿಗೆ ಸವರಿ ಚೀಲಕ್ಕೆ ತುಂಬುತ್ತಾನೆ. 2019ರಲ್ಲಿ ಶಿರಸಿ ಸುಪಾರಿಗೆ ಜಿಐ, ಅಂದರೆ ಇದು ಈ ಊರಿನದ್ದೇ ಎಂಬ ಭೌಗೋಳಿಕ ಗುರುತು, ಸಿಕ್ಕಾಗ ನಮಗೆಲ್ಲ ಎಷ್ಟು ಹೆಮ್ಮೆ ಆಗಿತ್ತು ಅಲ್ವಾ? ಅದೇ ವರ್ಷ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಸಿಕ್ಕಿತು. ಅಡಿಕೆಗೆ ಊರು ಮುಖ್ಯ ಅಂತ ನಮಗೆ ಯಾರೂ ಕಲಿಸಿಕೊಡಬೇಕಾಗಲಿಲ್ಲ.

ಭಾವನ ಮೇಲೆ ಇಷ್ಟು ಸಿಟ್ಟು ಬರಲು ಕಾರಣ ಬೇರೆಯೇ ಇದೆ. ಅದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ, ಆಯಿಗೆ. ಬಾವಿಕಟ್ಟೆಯ ಹಿಂದೆ ಹತ್ತು ಕಾಫಿ ಗಿಡ ಇದ್ದವು. ಆಯಿ ಹಣ್ಣು ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಕೇರಿ, ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದಳು. ಚಟ್ ಚಟ್ ಸದ್ದು ನಿಂತ ಮೇಲೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ನಾನು ಒಂದು ಬಾಟಲಿ ಇನ್‌ಸ್ಟಂಟ್ ಕಾಫಿ ತಂದುಕೊಟ್ಟು, "ಇನ್ನು ಆ ಕಷ್ಟ ಬೇಡ, ಯಾವುದಾದರೂ ಕಾಫಿಯೇ ಅಲ್ವಾ" ಅಂದೆ. ಅವಳು ಏನೂ ಹೇಳಲಿಲ್ಲ. ಮರುವರ್ಷ ಹುರಿಯಲಿಲ್ಲ. ಆಮೇಲೆ ಗಿಡ ಕಡಿದು ಬಾಳೆ ನೆಟ್ಟೆವು. ಈಗ ಆಯಿಯೂ ಇಲ್ಲ. ಆ ಕಾಫಿಯ ರುಚಿ ಹೇಗಿತ್ತು ಅಂತ ಎಷ್ಟು ಕೂತು ಯೋಚಿಸಿದರೂ ನೆನಪಾಗೋದಿಲ್ಲ. ಹುರಿಯುವ ವಾಸನೆ ಮಾತ್ರ ಇದೆ.

ಪೊಟ್ಟಣದಲ್ಲಿ ಇನ್ನು ಎರಡು ಲೋಟಕ್ಕಾಗುವಷ್ಟು ಉಳಿದಿದೆ. ಭಾನುವಾರ ಭಾವ ಮತ್ತೆ ಮಿಡಿ ತರುತ್ತಾನಂತೆ. ಒಂದು ಲೋಟ ಅವನಿಗೆ. ಈ ಸಲ ಆರುವ ತನಕ ಅವನ ಕೈಗೆ ಕೊಡೋದಿಲ್ಲ.